ಆಲೂಗಡ್ಡೆ ಎಸೆದ ವರ್ಷದ ಚಾಂಪಿಯನ್ನರು

1924ರ ಮೇ 17, ಶನಿವಾರ. ಅಮೆರಿಕದ ಇಂಡಿಯಾನಾ ರಾಜ್ಯದ ಸೌತ್ ಬೆಂಡ್ ಊರಿಗೆ ಅಂದು ಕು ಕ್ಲಕ್ಸ್ ಕ್ಲಾನ್ ಸದಸ್ಯರು ಸಭೆ, ಮೆರವಣಿಗೆಗೆಂದು ಸುತ್ತಲಿನ ಸೀಮೆಯಿಂದ ಬಂದಿಳಿಯುತ್ತಿದ್ದರು. ಊರಂಚಿನಲ್ಲಿರುವ ನೋಟರ್ ಡೇಮ್ ಕ್ಯಾಥೊಲಿಕ್ ವಿಶ್ವವಿದ್ಯಾಲಯದ ಹುಡುಗರು ಅವರನ್ನು ಅಡ್ಡಗಟ್ಟಿ ಬಿಳಿ ನಿಲುವಂಗಿ, ಮುಸುಕುಗಳನ್ನು ಕಿತ್ತುಕೊಂಡರು. ಪೇಟೆಯ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿ ಕ್ಲಾನ್ ಕಚೇರಿ. ಅದರ ಕಿಟಕಿಯಲ್ಲಿ ಕೆಂಪು ಬಲ್ಬುಗಳ ಶಿಲುಬೆ. ಪಕ್ಕದ ದಿನಸಿ ಅಂಗಡಿಯ ಆಲೂಗಡ್ಡೆಗೆ ಹುಡುಗರು ಕೈಹಾಕಿದರು. ಬಲ್ಬುಗಳು ಒಂದೊಂದಾಗಿ ಒಡೆದವು. ತುದಿಯದೊಂದು ಮಾತ್ರ ಯಾರ ಎಸೆತಕ್ಕೂ ಎಟುಕಲಿಲ್ಲ. ಕೊನೆಗೆ ಅದನ್ನು ಒಡೆದವನು ಫುಟ್‌ಬಾಲ್ ತಂಡದ ಕ್ವಾರ್ಟರ್‌ಬ್ಯಾಕ್ ಹ್ಯಾರಿ ಸ್ಟಲ್‌ಡ್ರೆಹರ್ ಎಂಬುದು ಬಾಯಿಂದ ಬಾಯಿಗೆ ಬಂದ ಮಾತು.

ಸೋಮವಾರ ರಾತ್ರಿ ಮತ್ತೆ ಹೊಡೆದಾಟ. ಈ ಸಲ ಹುಡುಗರಿಗೂ ಏಟು ಬಿತ್ತು. ಆಗ ವಿಶ್ವವಿದ್ಯಾಲಯದ ಅಧ್ಯಕ್ಷ ಫಾದರ್ ಮ್ಯಾಥ್ಯೂ ವಾಲ್ಶ್ ಕೋರ್ಟ್ ಎದುರಿನ ಅಂತರ್ಯುದ್ಧ ಸ್ಮಾರಕವನ್ನೇರಿ ನಿಂತು, ಎಲ್ಲರೂ ಹಾಸ್ಟೆಲಿಗೆ ಮರಳಬೇಕೆಂದು ಕೇಳಿಕೊಂಡರು. ಮೊದಲ ಮಹಾಯುದ್ಧದಲ್ಲಿ ಸೈನ್ಯದ ಪಾದ್ರಿಯಾಗಿದ್ದವರು ಅವರು. ಹುಡುಗರು ಮಾತು ಕೇಳಿದರು.

ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಹೇಳಿ ನಿವೃತ್ತನಾದ ನಾನು ಸೌತ್ ಬೆಂಡ್ ನೋಡಿದ್ದು ಅಲ್ಲಿರುವ ಮಗಳಿಂದಾಗಿ. ಎಲ್ಲಿ ಹೋದರೂ ಒಂದೇ ಫೋಟೊ ಕಣ್ಣಿಗೆ ಬೀಳುತ್ತಿತ್ತು: ಕಂಕುಳಲ್ಲಿ ಚೆಂಡು ಹಿಡಿದು ನಾಲ್ಕು ಕುದುರೆಗಳ ಮೇಲೆ ಕೂತ ನಾಲ್ವರು ಆಟಗಾರರು. 1924ರ ಚಾಂಪಿಯನ್ ತಂಡವೆಂದರೆ ಊರಿಗೆಲ್ಲ ಆ ನಾಲ್ವರೇ. ಆದರೆ ಆ ವರ್ಷವನ್ನು ಓದುತ್ತ ಹೋದಂತೆ ಆ ಚಿತ್ರದ ಚೌಕಟ್ಟಿನ ಹೊರಗಿದ್ದವರೇ ನನ್ನನ್ನು ಹಿಡಿದು ನಿಲ್ಲಿಸಿದರು. ಅವರ ಪರವಾಗಿ ಇದನ್ನು ಬರೆಯುತ್ತಿದ್ದೇನೆ.

ಆಗಿನ ಇಂಡಿಯಾನಾದಲ್ಲಿ ಕ್ಲಾನ್‌ಗೆ ಸುಮಾರು ಎರಡೂವರೆ ಲಕ್ಷ ಸದಸ್ಯರಿದ್ದರೆಂಬ ಅಂದಾಜಿದೆ. ಕಪ್ಪು ಜನರ ಮೇಲಿದ್ದ ದ್ವೇಷದ ಜೊತೆಗೆ ಕ್ಯಾಥೊಲಿಕರು, ಯಹೂದ್ಯರು, ವಲಸೆ ಬಂದವರು ಎಲ್ಲರೂ ಅದರ ಪಾಲಿಗೆ ಪರಕೀಯರು. ಸೌತ್ ಬೆಂಡ್‌ನ ಸ್ಟುಡಿಬೇಕರ್ ಕಾರ್ಖಾನೆಯಲ್ಲಿ ಬೆವರು ಹರಿಸುತ್ತಿದ್ದ ಪೋಲಿಷರು, ಹಂಗೇರಿಯನ್ನರು ಇಂಥವರೇ. ರೋಮಿನ ಪೋಪ್‌ಗೆ ತಲೆಬಾಗುವವರು ನಿಜವಾದ ಅಮೆರಿಕನ್ನರಾಗಲಾರರು ಎಂಬುದು ಆ ಸಂಘದ ವಾದ.

ತಂಡದ ಕೋಚ್ ನೂಟ್ ರಾಕ್ನಿ ಕೂಡ ವಲಸಿಗನೇ. ನಾರ್ವೆಯ ವಾಸ್ ಎಂಬ ಊರಲ್ಲಿ 1888ರಲ್ಲಿ ಹುಟ್ಟಿ, ಐದನೇ ವಯಸ್ಸಿನಲ್ಲಿ ಶಿಕಾಗೊಗೆ ಬಂದವನು. ಅಂಚೆ ಕಚೇರಿಯಲ್ಲಿ ದುಡಿದು ಹಣ ಕೂಡಿಟ್ಟು, ಇಪ್ಪತ್ತೆರಡರ ವಯಸ್ಸಿಗೆ ನೋಟರ್ ಡೇಮ್ ಸೇರಿದ. ರಸಾಯನಶಾಸ್ತ್ರ ಓದಿ ಅಲ್ಲೇ ಪಾಠವನ್ನೂ ಹೇಳಿದ. ಹುಟ್ಟಿನಿಂದ ಲುಥೆರನ್, ಕ್ಯಾಥೊಲಿಕ್ ಅಲ್ಲ.

ಅಮೆರಿಕನ್ ಫುಟ್‌ಬಾಲ್ ಗೊತ್ತಿಲ್ಲದವರಿಗೆ ಎರಡು ಮಾತು. ಚೆಂಡು ಉದ್ದುದ್ದ, ಕೈಯಲ್ಲಿ ಹಿಡಿದು ಓಡಬಹುದು, ಎಸೆಯಬಹುದು. ನಾಲ್ಕು ಯತ್ನಗಳಲ್ಲಿ ಹತ್ತು ಗಜ ಮುಂದೆ ಹೋಗದಿದ್ದರೆ ಚೆಂಡು ಎದುರಾಳಿಯದು. ಹನ್ನೊಂದು ಜನರಲ್ಲಿ ಏಳು ಮಂದಿ ಮುಂದಿನ ಸಾಲಿನಲ್ಲಿ ಮೈಯೊಡ್ಡಿ ದಾರಿ ಬಿಡಿಸಬೇಕು, ಹಿಂದಿನ ನಾಲ್ವರು ಓಡಬೇಕು. ಸ್ಟಲ್‌ಡ್ರೆಹರ್, ಡಾನ್ ಮಿಲ್ಲರ್, ಜಿಮ್ ಕ್ರೌಲಿ, ಎಲ್ಮರ್ ಲೇಡನ್ ಆ ನಾಲ್ವರು. ಒಬ್ಬನೂ 75 ಕಿಲೊ ತೂಗುತ್ತಿರಲಿಲ್ಲ. ಆಟ ಶುರುವಾಗುವ ಕ್ಷಣದಲ್ಲಿ ಕೋಲಾಟದವರ ಹಾಗೆ ನಾಲ್ವರೂ ಒಂದೇ ತಾಳಕ್ಕೆ ಜಾಗ ಬದಲಿಸುತ್ತಿದ್ದರು. ಎದುರಾಳಿ ಸರಿಹೊಂದಿಸಿಕೊಳ್ಳುವಷ್ಟರಲ್ಲಿ ಚೆಂಡು ಹೊರಟಿರುತ್ತಿತ್ತು. ರಾಕ್ನಿಯ ಇನ್ನೊಂದು ತಂತ್ರವೂ ಇತ್ತು: ಆಟದ ಆರಂಭಕ್ಕೆ ಎರಡನೆಯ ತಂಡವನ್ನು ಇಳಿಸಿ, ಎದುರಾಳಿ ದಣಿದ ಮೇಲೆ ಇವರನ್ನು ಕಳಿಸುವುದು.

ಅಕ್ಟೋಬರಿನಲ್ಲಿ ಮೊದಲೆರಡು ಪಂದ್ಯ ಸುಲಭವಾಗಿ ಮುಗಿದವು: ಲೊಂಬಾರ್ಡ್ ಮೇಲೆ 40–0, ವಾಬಾಶ್ ಮೇಲೆ 34–0. 18ರಂದು ನ್ಯೂಯಾರ್ಕಿನ ಪೋಲೊ ಗ್ರೌಂಡ್ಸ್‌ನಲ್ಲಿ ಸೈನಿಕ ಅಕಾಡೆಮಿಯ ಆರ್ಮಿ ತಂಡ ಎದುರಾಯಿತು. ಗೆಲುವು 13–7. ಆ ನಾಲ್ವರಿಗೆ ‘ಕುದುರೆ ಸವಾರರು’ ಎಂಬ ಹೆಸರು ಹುಟ್ಟಿದ್ದು ಅಂದೇ. ರಾಕ್ನಿಯ ಪ್ರಚಾರದ ಕೆಲಸ ನೋಡುತ್ತಿದ್ದ ವಿದ್ಯಾರ್ಥಿ ಜಾರ್ಜ್ ಸ್ಟ್ರಿಕ್ಲರ್, ವ್ಯಾಲೆಂಟಿನೊ ನಟಿಸಿದ ಮೂಕಿ ಚಿತ್ರವೊಂದನ್ನು ಆಗಷ್ಟೇ ನೋಡಿದ್ದ. ಬೈಬಲ್ಲಿನ ಪ್ರಳಯಕಾಲದ ನಾಲ್ವರು ಸವಾರರು ಬರುವ ಚಿತ್ರ. ವಿರಾಮದ ಹೊತ್ತಿಗೆ ಪತ್ರಕರ್ತರ ನಡುವೆ ಅವನು ಆ ಹೋಲಿಕೆ ತೆಗೆದ. ಗ್ರಾಂಟ್‌ಲ್ಯಾಂಡ್ ರೈಸ್ ಎಂಬ ಪತ್ರಕರ್ತರು ಅದನ್ನೇ ತಮ್ಮ ವರದಿಯ ಆರಂಭಕ್ಕೆ ಬಳಸಿಕೊಂಡರು. ವರದಿ ಅಚ್ಚಾಗಿದ್ದೇ ತಡ, ಸ್ಟ್ರಿಕ್ಲರ್ ಊರಿಗೆ ಹೇಳಿ ಕಳಿಸಿ ನಾಲ್ಕು ಕುದುರೆ ಹೊಂದಿಸಿ, ಫೋಟೊ ತೆಗೆಸಿಬಿಟ್ಟ. ಆ ಫೋಟೊ ದೇಶದ ಪತ್ರಿಕೆಗಳಲ್ಲೆಲ್ಲ ಹರಡಿತು.

ಅದೇ ಪಂದ್ಯದಲ್ಲಿ ತಂಡದ ನಾಯಕ, ಮುಂದಿನ ಸಾಲಿನ ನಡುವೆ ನಿಲ್ಲುವ ಸೆಂಟರ್ ಆಡಮ್ ವಾಲ್ಶ್ ಎರಡೂ ಕೈಗಳ ಮೂಳೆ ಮುರಿದುಕೊಂಡು ಆಡಿದ. ಸೆಂಟರ್‌ನ ಕೆಲಸವೇ ಪ್ರತಿ ಸಲವೂ ಚೆಂಡನ್ನು ಕೈಯಿಂದ ಹಿಂದಕ್ಕೆ ಕೊಡುವುದು. ಸಾಲದ್ದಕ್ಕೆ, ಆಟದ ಕೊನೆಯಲ್ಲಿ ಎದುರಾಳಿಯ ಎಸೆತವೊಂದನ್ನು ನಡುವೆಯೇ ಹಿಡಿದ. ಕುದುರೆ ಸವಾರರ ಮುಂದೆ ದುಡಿಯುವ ಈ ಏಳು ಮಂದಿಗೆ ‘ಏಳು ಹೇಸರಗತ್ತೆಗಳು’ ಎಂಬ ಹೆಸರು ಬಿತ್ತು: ವಾಲ್ಶ್, ಕೈಜರ್, ವೈಬಲ್, ಬಾಖ್, ರಿಪ್ ಮಿಲ್ಲರ್, ಹನ್‌ಸಿಂಗರ್, ಕಾಲಿನ್ಸ್. ಈ ಏಳು ಹೆಸರನ್ನು ಇಲ್ಲಿ ಪೂರ್ತಿ ಬರೆಯಲೇಬೇಕೆನಿಸಿತು. ಅವರಿಗೆ ಯಾರೂ ಕುದುರೆ ತರಿಸಲಿಲ್ಲ.

ಪ್ರಿನ್ಸ್‌ಟನ್ ಸೋತಿತು. ನವೆಂಬರ್ 1ರಂದು ಜಾರ್ಜಿಯಾ ಟೆಕ್ 34–3ರಿಂದ ಸೋತಿತು. ಮೂರು ದಿನ ಕಳೆದು ರಾಜ್ಯದ ಚುನಾವಣೆ. ಕ್ಲಾನ್ ಬೆಂಬಲದ ಎಡ್ ಜಾಕ್ಸನ್ ಗವರ್ನರ್ ಆಗಿ ಆರಿಸಿಬಂದ. ಮರುಶನಿವಾರ ವಿಸ್ಕಾನ್ಸಿನ್ ಮೇಲೆ 38–3ರ ಗೆಲುವು. ಮೈದಾನದ ಗೆಲುವು ಮತಪೆಟ್ಟಿಗೆಯನ್ನು ಬದಲಿಸಲಿಲ್ಲ, ಹಾಗೆ ನಟಿಸುವುದು ಸುಳ್ಳಾಗುತ್ತದೆ. ಆದರೆ ಬೀದಿಯಲ್ಲಿ ಕೈಯೆತ್ತಬೇಡಿ ಎಂದ ಹಿರಿಯರ ಮಾತಿಗೆ ತಲೆಬಾಗಿದ ಹುಡುಗರಿಗೆ ಪ್ರತಿ ಶನಿವಾರ ತಲೆಯೆತ್ತಿ ನಿಲ್ಲುವ ಒಂದು ಜಾಗ ಸಿಕ್ಕಿತು. ಅದು ಸಣ್ಣ ಸಂಗತಿಯಲ್ಲ.

ನವೆಂಬರ್ 15ರ ಪಂದ್ಯ ನನಗೆ ಎಲ್ಲಕ್ಕಿಂತ ಮುಖ್ಯ. ಎದುರಾಳಿ ನೆಬ್ರಾಸ್ಕ. 1922 ಮತ್ತು 1923ರಲ್ಲಿ ನೋಟರ್ ಡೇಮ್ ಸೋತ ಎರಡೇ ಪಂದ್ಯಗಳು ನೆಬ್ರಾಸ್ಕದ ಲಿಂಕನ್ ನಗರದಲ್ಲಿ. ಸೋಲಿನ ಜೊತೆಗೆ ಅಲ್ಲಿನ ಜನರಿಂದ ಕ್ಯಾಥೊಲಿಕರೆಂಬ ಹೀಯಾಳಿಕೆಯನ್ನೂ ಕೇಳಬೇಕಾಗಿತ್ತು. ಈ ಸಲ ನೆಬ್ರಾಸ್ಕದವರೇ ಸೌತ್ ಬೆಂಡ್‌ನ ಕಾರ್ಟಿಯರ್ ಫೀಲ್ಡ್‌ಗೆ ಬಂದಿದ್ದರು. ಫಲಿತಾಂಶ 34–6. ಆಮೇಲೆ ನಾರ್ತ್‌ವೆಸ್ಟರ್ನ್, ಕಾರ್ನೆಗಿ ಟೆಕ್ ಎರಡೂ ಸೋತವು.

ಕೊನೆಗೆ 1925ರ ಹೊಸವರ್ಷದಂದು ಕ್ಯಾಲಿಫೋರ್ನಿಯಾದ ಪಸಡೀನಾದಲ್ಲಿ ರೋಸ್ ಬೌಲ್. ಪಾಪ್ ವಾರ್ನರ್ ತರಬೇತಿಯ ಸ್ಟ್ಯಾನ್‌ಫರ್ಡ್ ಎದುರಾಳಿ. ಅವರ ಎರ್ನಿ ನೆವರ್ಸ್ ಪೆಟ್ಟಾದ ಕಣಕಾಲುಗಳಿಗೆ ಬಿಗಿಯಾಗಿ ಪಟ್ಟಿ ಸುತ್ತಿಕೊಂಡು 114 ಗಜ ಓಡಿದ. ಓಟದ ಲೆಕ್ಕದಲ್ಲಿ ಸ್ಟ್ಯಾನ್‌ಫರ್ಡೇ ಮುಂದು. ಆದರೆ ಲೇಡನ್ ಎದುರಾಳಿಗಳ ಎರಡು ಎಸೆತಗಳನ್ನು ನಡುವೆ ಹಿಡಿದು ಎರಡು ಸಲವೂ ಕೊನೆಯ ಗೆರೆಯವರೆಗೆ ಉದ್ದಕ್ಕೆ ಓಡಿ ಟಚ್‌ಡೌನ್ ಮಾಡಿದ. ಕೈಜಾರಿದ ಚೆಂಡನ್ನು ಎತ್ತಿಕೊಂಡು ಓಡಿ ಅಂಕ ತಂದ ಮತ್ತೊಬ್ಬ ಹನ್‌ಸಿಂಗರ್, ಏಳು ಮಂದಿಯಲ್ಲೊಬ್ಬ. ಗೆರೆಗೆ ಅಂಗುಲಗಳಷ್ಟೇ ಉಳಿದಿದ್ದಾಗ ನೆವರ್ಸ್‌ನನ್ನು ತಡೆದು ನಿಲ್ಲಿಸಿತು ತಂಡ. 27–10. ಹತ್ತಕ್ಕೆ ಹತ್ತು ಗೆಲುವು.

ಆಗ ರಾಷ್ಟ್ರೀಯ ಚಾಂಪಿಯನ್‌ಶಿಪ್‌ಗೆ ಬೇರೆ ಫೈನಲ್ ಇರಲಿಲ್ಲ. ಇಲಿನಾಯ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ಪ್ರಾಧ್ಯಾಪಕ ಫ್ರಾಂಕ್ ಡಿಕಿನ್‌ಸನ್ ಅಂಕ ಹಾಕಿ ತಂಡಗಳನ್ನು ತೂಗುವ ಪದ್ಧತಿ ರೂಪಿಸಿದಾಗ, ರಾಕ್ನಿಯ ಒತ್ತಾಯದ ಮೇಲೆ ಅದನ್ನು 1924ಕ್ಕೂ ಅನ್ವಯಿಸಲಾಯಿತು. ಆ ವರ್ಷವನ್ನು ಹೆಸರಿಲ್ಲದೆ ಬಿಡಲು ಅವನಿಗೆ ಮನಸ್ಸಾಗಲಿಲ್ಲ. ಸರಿಯಾದುದನ್ನೇ ಮಾಡಿದ.

1925ರ ನವೆಂಬರಿನಲ್ಲಿ ಇಂಡಿಯಾನಾ ಕ್ಲಾನ್‌ನ ಮುಖಂಡ ಡಿ. ಸಿ. ಸ್ಟೀಫನ್‌ಸನ್ ಯುವತಿಯೊಬ್ಬಳ ಕೊಲೆ ಮೊಕದ್ದಮೆಯಲ್ಲಿ ಅಪರಾಧಿಯೆಂದು ತೀರ್ಪಾಯಿತು. ಆ ಹೊಡೆತದಿಂದ ಕ್ಲಾನ್ ಅಲ್ಲಿ ಕುಸಿಯತೊಡಗಿತು. ಅದೇ ತಿಂಗಳು ನೂಟ್ ರಾಕ್ನಿ ದೀಕ್ಷಾಸ್ನಾನ ಪಡೆದು ಕ್ಯಾಥೊಲಿಕನಾದ.