ಇಂಗ್ಲಿಷ್ ಸೂಚನಾ ಪತ್ರಗಳ ವಾಕ್ಯರಚನೆಯನ್ನು ಅರ್ಥೈಸಿಕೊಳ್ಳುವ ಕ್ರಮ: ಅರ್ಜಿದಾರರಿಗೆ ಮಾಹಿತಿ

ಪೀಠಿಕೆ

ಕರ್ನಾಟಕ ರಾಜಭಾಷಾ ಅಧಿನಿಯಮ, 1963ರನ್ವಯ ಕನ್ನಡವು ರಾಜ್ಯದ ಆಡಳಿತ ಭಾಷೆಯಾಗಿದೆ. ಆದಾಗ್ಯೂ ಬ್ಯಾಂಕು, ವಿಮೆ, ಪಾಸ್‌ಪೋರ್ಟ್ ಮೊದಲಾದ ವ್ಯವಹಾರಗಳಲ್ಲಿ ಸಾರ್ವಜನಿಕರಿಗೆ ಇಂಗ್ಲಿಷ್ ಪತ್ರಗಳು ಬರುವುದುಂಟು. ಅಂತಹ ಪತ್ರದ ಬಿಡಿ ಪದಗಳ ಅರ್ಥ ತಿಳಿದಿದ್ದರೂ, ಯಾರು ಏನನ್ನು ಯಾವಾಗ ಮಾಡಬೇಕೆಂಬುದು ಸ್ಪಷ್ಟವಾಗದೆ ಕಾಲಮಿತಿ ಮೀರಿಹೋಗುವ ಸಂಭವವಿರುತ್ತದೆ. ಈ ನಿಟ್ಟಿನಲ್ಲಿ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

1. ಪದದ ಸ್ಥಾನ

ಕನ್ನಡದಲ್ಲಿ ಪದದ ಕಾರ್ಯವನ್ನು ವಿಭಕ್ತಿ ಪ್ರತ್ಯಯವು ತಿಳಿಸುತ್ತದೆ. 'ಅಧಿಕಾರಿಯು ಅರ್ಜಿದಾರನಿಗೆ ತಿಳಿಸಿದನು' ಎಂಬುದನ್ನು 'ಅರ್ಜಿದಾರನಿಗೆ ಅಧಿಕಾರಿಯು ತಿಳಿಸಿದನು' ಎಂದು ಬರೆದರೂ ಅರ್ಥ ಬದಲಾಗದು. ಇಂಗ್ಲಿಷಿನ ನಾಮಪದಗಳಿಗೆ ಇಂತಹ ಪ್ರತ್ಯಯಗಳಿಲ್ಲ. ಅಲ್ಲಿ ಸ್ಥಾನವೇ ಪ್ರಧಾನ. 'ದಿ ಆಫೀಸರ್ ಇನ್‌ಫಾರ್ಮ್ಡ್ ದಿ ಅಪ್ಲಿಕೆಂಟ್' ಎಂದರೆ ತಿಳಿಸಿದವನು ಅಧಿಕಾರಿ. ಎರಡು ನಾಮಪದಗಳನ್ನು ಅದಲು ಬದಲು ಮಾಡಿದಲ್ಲಿ ತಿಳಿಸಿದವನು ಅರ್ಜಿದಾರನಾಗುತ್ತಾನೆ.

2. ವಾಕ್ಯದ ಅಂಗಗಳು

'ದಿ ಅಪ್ಲಿಕೆಂಟ್ ಷಲ್ ಸಬ್ಮಿಟ್ ದಿ ಒರಿಜಿನಲ್ ಸರ್ಟಿಫಿಕೇಟ್ ವಿತಿನ್ ಥರ್ಟಿ ಡೇಸ್' ಎಂಬ ವಾಕ್ಯವನ್ನು ಈ ಕೆಳಕಂಡಂತೆ ವಿಂಗಡಿಸಬಹುದು:

ಅ) ಕರ್ತೃಪದ: ದಿ ಅಪ್ಲಿಕೆಂಟ್ (ಅರ್ಜಿದಾರನು)
ಆ) ಕ್ರಿಯಾಪದ: ಷಲ್ ಸಬ್ಮಿಟ್ (ಸಲ್ಲಿಸತಕ್ಕದ್ದು)
ಇ) ಕರ್ಮಪದ: ದಿ ಒರಿಜಿನಲ್ ಸರ್ಟಿಫಿಕೇಟ್ (ಮೂಲ ಪ್ರಮಾಣಪತ್ರವನ್ನು)
ಈ) ಕಾಲಸೂಚಕ: ವಿತಿನ್ ಥರ್ಟಿ ಡೇಸ್ (30 ದಿನಗಳೊಳಗಾಗಿ)

ಕನ್ನಡದಲ್ಲಿ ಕ್ರಿಯಾಪದವು ಸಾಮಾನ್ಯವಾಗಿ ಕೊನೆಯಲ್ಲಿ ಬರುತ್ತದೆ. ಇಂಗ್ಲಿಷಿನಲ್ಲಿ ಕರ್ತೃಪದದ ನಂತರ, ಕರ್ಮಪದಕ್ಕೆ ಮೊದಲು ಬರುತ್ತದೆ. ಕ್ರಿಯಾಪದದ ಜೊತೆಗಿರುವ 'ಷಲ್' ಮತ್ತು 'ಮಸ್ಟ್' ಪದಗಳು ಇಂತಹ ಪತ್ರಗಳಲ್ಲಿ ಸಾಮಾನ್ಯವಾಗಿ ಕಡ್ಡಾಯವನ್ನೂ, 'ಮೇ' ಪದವು ಅವಕಾಶ ಅಥವಾ ವಿವೇಚನೆಯನ್ನೂ ಸೂಚಿಸುತ್ತವೆ.

3. ಕರ್ಮಣಿ ಪ್ರಯೋಗ

ಇದೇ ಸೂಚನೆಯು 'ದಿ ಒರಿಜಿನಲ್ ಸರ್ಟಿಫಿಕೇಟ್ ಷಲ್ ಬಿ ಸಬ್ಮಿಟೆಡ್ ವಿತಿನ್ ಥರ್ಟಿ ಡೇಸ್' ಎಂದೂ ಇರಬಹುದು. ಇಲ್ಲಿ ಕರ್ತೃವಿನ ಸ್ಥಾನದಲ್ಲಿ ಪ್ರಮಾಣಪತ್ರವಿದ್ದು, ಸಲ್ಲಿಸಬೇಕಾದವರ ಉಲ್ಲೇಖವೇ ಇಲ್ಲ. ಕಛೇರಿಯೇ ಈ ಕೆಲಸವನ್ನು ಮಾಡುವುದೆಂದು ಭಾವಿಸತಕ್ಕದ್ದಲ್ಲ. ಪತ್ರವು ಯಾರ ಹೆಸರಿಗೆ ಬಂದಿದೆ ಹಾಗೂ ಅದರ ಇತರ ವಾಕ್ಯಗಳು ಏನು ಹೇಳುತ್ತವೆ ಎಂಬುದನ್ನು ನೋಡಿ ಹೊಣೆ ಯಾರದೆಂದು ನಿರ್ಧರಿಸಬೇಕು.

'ಬೈ' ಎಂಬ ಪದವು ಒಂದೇ ಆದರೂ ಅದರ ಕಾರ್ಯಗಳು ಬೇರೆ ಬೇರೆ. 'ಬೈ ದಿ ಅಪ್ಲಿಕೆಂಟ್' ಎಂದರೆ ಅರ್ಜಿದಾರನಿಂದ. 'ಬೈ ಪೋಸ್ಟ್' ಎಂದರೆ ಅಂಚೆಯ ಮೂಲಕ. 'ಬೈ 31 ಮಾರ್ಚ್' ಎಂದರೆ ಮಾರ್ಚ್ 31ರಂದು ಅಥವಾ ಅದಕ್ಕೆ ಮುನ್ನ.

4. ಷರತ್ತಿನ ಉಪವಾಕ್ಯ

'ದಿ ಅಪ್ಲಿಕೇಷನ್ ವಿಲ್ ಬಿ ರಿಜೆಕ್ಟೆಡ್ ಅನ್‌ಲೆಸ್ ದಿ ಫೀ ಈಸ್ ಪೇಯ್ಡ್' ಎಂಬಲ್ಲಿ ಮೊದಲ ಭಾಗವನ್ನಷ್ಟೇ ಓದಿದವರು ಅರ್ಜಿ ತಿರಸ್ಕೃತವಾಗಿದೆಯೆಂದು ತಿಳಿದು ಸುಮ್ಮನಾಗಬಹುದು. 'ಅನ್‌ಲೆಸ್' ಪದದಲ್ಲಿಯೇ ನಿಷೇಧಾರ್ಥ ಅಡಗಿದೆ: ಶುಲ್ಕ ಪಾವತಿಸದಿದ್ದಲ್ಲಿ ಮಾತ್ರ ಅರ್ಜಿಯು ತಿರಸ್ಕೃತವಾಗುವುದೆಂಬುದು ಇದರ ತಾತ್ಪರ್ಯ. ಅರ್ಜಿದಾರರಿಗೆ ಇನ್ನೂ ಅವಕಾಶವಿದೆ. ಕನ್ನಡದಲ್ಲಿ ಷರತ್ತು ಸಾಮಾನ್ಯವಾಗಿ ಮೊದಲು ಬರುವುದರಿಂದ, ಇಂತಹ ವಾಕ್ಯವನ್ನು ಉಪವಾಕ್ಯದಿಂದ ಆರಂಭಿಸಿ ಓದಿಕೊಳ್ಳುವುದು ಸೂಕ್ತ.

5. ಓದುವ ಕ್ರಮ

ಅ) ಮೊದಲು ಪ್ರಧಾನ ಕ್ರಿಯಾಪದವನ್ನು ಗುರುತಿಸುವುದು.
ಆ) ಅದರ ಹಿಂದಿರುವ ಕರ್ತೃಪದವನ್ನು ಗುರುತಿಸುವುದು.
ಇ) ಕ್ರಿಯಾಪದವು ಕರ್ತರಿಯೋ ಕರ್ಮಣಿಯೋ ಎಂಬುದನ್ನು ಪರಿಶೀಲಿಸುವುದು.
ಈ) 'ಇಫ್', 'ಅನ್‌ಲೆಸ್', 'ಅಂಟಿಲ್' ಪದಗಳಿಂದ ಆರಂಭವಾಗುವ ಭಾಗಗಳನ್ನು ಪ್ರತ್ಯೇಕಿಸುವುದು.
ಉ) ದಿನಾಂಕ ಹಾಗೂ ಅವಧಿಯನ್ನು ಬೇರೆಯಾಗಿ ಬರೆದಿಟ್ಟುಕೊಳ್ಳುವುದು.

6. ವಿಶೇಷ ಸೂಚನೆ

ಸಂದೇಹ ಉಳಿದಲ್ಲಿ, ಅವಧಿ ಮುಗಿಯುವ ಮುನ್ನವೇ ಪತ್ರ ಕಳುಹಿಸಿದ ಕಛೇರಿಯಿಂದ ಲಿಖಿತ ವಿವರಣೆಯನ್ನು ಕೋರುವುದು ಒಳಿತು. ಸಂವಿಧಾನದ 350ನೇ ಅನುಚ್ಛೇದದನ್ವಯ, ಕುಂದುಕೊರತೆಯ ನಿವಾರಣೆಗಾಗಿ ರಾಜ್ಯದ ಯಾವುದೇ ಅಧಿಕಾರಿಗೆ ಕನ್ನಡದಲ್ಲಿ ಮನವಿ ಸಲ್ಲಿಸಲು ಪ್ರತಿಯೊಬ್ಬರೂ ಹಕ್ಕುಳ್ಳವರಾಗಿರುತ್ತಾರೆ. ಮಾಹಿತಿ ಹಕ್ಕು ಅಧಿನಿಯಮ, 2005ರ 6ನೇ ಪ್ರಕರಣದನ್ವಯ ಮಾಹಿತಿ ಕೋರಿ ಸಲ್ಲಿಸುವ ಅರ್ಜಿಯು ಇಂಗ್ಲಿಷ್, ಹಿಂದಿ ಅಥವಾ ಆಯಾ ಪ್ರದೇಶದ ರಾಜಭಾಷೆಯಲ್ಲಿ ಇರಬಹುದಾಗಿದೆ. ಅರ್ಥವಾಗದ ಯಾವುದೇ ಪತ್ರಕ್ಕೆ ಸಹಿ ಮಾಡಬಾರದಾಗಿ ಸಾರ್ವಜನಿಕರಲ್ಲಿ ಕೋರಲಾಗಿದೆ.