ಗೋಪುರಕ್ಕೆ ಮರಳುವ ವರದಿ

ನಿಸ್ತಂತು ವಾರ್ತಾಪ್ರಸಾರದ ಆದಿಕಾಲದಲ್ಲಿ, ತಾನು ಆಕಾಶಕ್ಕೆ ಒಪ್ಪಿಸಿದ ತರಂಗವು ದೂರದ ಗ್ರಾಹಕಯಂತ್ರವನ್ನು ಯಾವ ಅವಸ್ಥೆಯಲ್ಲಿ ಮುಟ್ಟಿತೆಂಬುದು ಕಳುಹಿಸುವವನಿಗೆ ಆ ಕ್ಷಣದಲ್ಲಿ ತಿಳಿಯುವಂತಿರಲಿಲ್ಲ. ಒಂದೇ ತರಂಗವು ಹಲವು ದಾರಿಗಳಲ್ಲಿ ಚೆದುರಿ, ಮುಂದುಹಿಂದಾಗಿ ಬಂದು ಕೂಡುವಾಗ, ಒಮ್ಮೆ ಪುಷ್ಟಿಗೊಂಡು ಮತ್ತೊಮ್ಮೆ ತನ್ನನ್ನು ತಾನೇ ಅಳಿಸಿಕೊಳ್ಳುವ ಆ ಏರಿಳಿತಕ್ಕೆ ಅಂದಿನವರು ಕಂಡ ಪರಿಹಾರಗಳು ಬಹುಮಟ್ಟಿಗೆ ಕೇಳುವವನ ಕಡೆಯವೇ ಆಗಿದ್ದವು. ಲಾಂಗ್ ಐಲೆಂಡಿನ ರಿವರ್‌ಹೆಡ್ ಕೇಂದ್ರದಲ್ಲಿ ಆರ್‌ಸಿಎ ಸಂಸ್ಥೆಯ ಬೆವರೇಜ್ ಮತ್ತು ಪೀಟರ್ಸನ್ ಎಂಬವರು ದೂರದೂರದಲ್ಲಿ ಆಂಟೆನಾಗಳನ್ನು ನಿಲ್ಲಿಸಿ, ಒಂದರಲ್ಲಿ ಧ್ವನಿ ಕುಗ್ಗಿದಾಗ ಇನ್ನೊಂದರಿಂದ ಕೇಳುವ ವ್ಯವಸ್ಥೆಯನ್ನು ರೂಪಿಸಿ, 1931ರಲ್ಲಿ ಅದರ ವಿವರವನ್ನು ಪ್ರಕಟಿಸಿದರು. ಅಲ್ಲಿಯೂ ಕಳುಹಿಸುವವನಿಗೆ ಯಾವ ವರದಿಯೂ ಹೋಗುತ್ತಿರಲಿಲ್ಲ.

ಹಾಗೆ ಹೋಗಬೇಕೆಂಬುದಕ್ಕೆ ಶಾಸ್ತ್ರದ ಬೆಂಬಲವೂ ಮೊದಲಿಗೆ ದೊರೆಯಲಿಲ್ಲ. 1956ರಲ್ಲಿ ಕ್ಲಾಡ್ ಶ್ಯಾನನ್ ಅವರು, ಹಿಂದಣ ಸ್ಥಿತಿಯ ನೆನಪಿಲ್ಲದ ಚಾನೆಲಿನಲ್ಲಿ ಗ್ರಾಹಕನು ಎಷ್ಟೇ ಮರುವರದಿ ಕಳುಹಿದರೂ ಆ ಚಾನೆಲಿನ ಧಾರಣಶಕ್ತಿ ಹೆಚ್ಚದೆಂದು ಸಾಧಿಸಿದ್ದರು. ಸಿದ್ಧಾಂತವು ನಿರ್ದುಷ್ಟವಾದುದೇ, ಆದರೆ ಅದು ಒಬ್ಬನು ಕಳುಹಿಸಿ ಒಬ್ಬನೇ ಕೇಳುವ, ಗುಣ ಬದಲಾಗದ ಚಾನೆಲಿನ ಮಾತು. ಬಳಕೆದಾರರು ಹಲವರಾಗಿ, ಪ್ರತಿಯೊಬ್ಬರ ಚಾನೆಲೂ ತನ್ನಷ್ಟಕ್ಕೆ ಏರಿಳಿಯುತ್ತಿರುವಲ್ಲಿ ಲೆಕ್ಕ ಬೇರೆಯೆಂಬುದನ್ನು 1995ರಲ್ಲಿ ನಾಪ್ ಮತ್ತು ಹಂಬ್ಲೆ ಎಂಬವರು ತೋರಿಸಿದರು: ಯಾವ ಗಳಿಗೆಯಲ್ಲಿ ಯಾರ ಚಾನೆಲು ಅತ್ಯುತ್ತಮವಾಗಿದೆಯೋ ಆ ಗಳಿಗೆಯನ್ನು ಅವರೊಬ್ಬರಿಗೇ ಬಿಟ್ಟುಕೊಟ್ಟರೆ ಒಟ್ಟು ಲಾಭವು ಪರಮಾವಧಿಯನ್ನು ಮುಟ್ಟುತ್ತದೆ. ಅರ್ಧ ಶತಮಾನಕ್ಕೂ ಮಿಕ್ಕಿ ಶತ್ರುವೆಂದೆಣಿಸಲ್ಪಟ್ಟ ಏರಿಳಿತವೇ ಹೀಗೆ ಸಂಪತ್ತಾಯಿತು. ಈ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ತಿರುವನ್ನು ನಾನು ಕಾಣೆ.

ಗಳಿಗೆಯನ್ನು ಹಂಚಬೇಕಾದರೆ ಮೊಬೈಲು ಗೋಪುರಕ್ಕೆ ಸುದ್ದಿ ಬೇಕಷ್ಟೆ. ಇವಿ-ಡಿಒ ಎಂಬ ಮೊಬೈಲು ವ್ಯವಸ್ಥೆಯಲ್ಲಿ ಅದು ನಡೆಯುತ್ತಿದ್ದ ಬಗೆಯನ್ನು ಸಮೀಪದಿಂದ ನೋಡಬೇಕು. ಗೋಪುರವು ಮೇಲಿಂದ ಮೇಲೆ ಹೊರಡಿಸುವ ಪೈಲಟ್ ಸಂಕೇತವನ್ನು ಫೋನು ಅಳೆದು, 'ಇಷ್ಟು ವೇಗವನ್ನು ನಾನು ಈಗ ತಾಳಬಲ್ಲೆ' ಎಂಬುದನ್ನು ನಾಲ್ಕೇ ಬಿಟ್ಟುಗಳಲ್ಲಿ ಅಡಗಿಸಿ, ಸೆಕೆಂಡಿಗೆ 600 ಸಲದವರೆಗೆ ಹಿಂದಕ್ಕೆ ಕಳುಹುತ್ತಿತ್ತು. ಬೇಡಬಹುದಾದ ವೇಗವು ಸೆಕೆಂಡಿಗೆ 38.4 ಕಿಲೋಬಿಟ್ಟಿನಿಂದ ಮೊದಲ್ಗೊಂಡು 2457.6 ಕಿಲೋಬಿಟ್ಟಿನವರೆಗೆ ಇತ್ತು. ಉತ್ತಮನಿಗೇ ಸರದಿಯೆಂಬ ನಿಯಮವನ್ನು ಅಕ್ಷರಶಃ ಪಾಲಿಸಿದರೆ ಗೋಪುರದ ಬುಡದಲ್ಲಿರುವವನೇ ಎಲ್ಲವನ್ನೂ ಉಂಡು ಅಂಚಿನಲ್ಲಿರುವವನು ಉಪವಾಸ ಬೀಳುವನಾದ್ದರಿಂದ, ಡೇವಿಡ್ ತ್ಸೆ ಅವರು ಸೂಚಿಸಿದಂತೆ, ಪ್ರತಿ ಫೋನು ಈ ಕ್ಷಣ ಬೇಡುವ ವೇಗವನ್ನು ಅದಕ್ಕೆ ಈವರೆಗೆ ಸಿಕ್ಕಿದ ಸರಾಸರಿಯಿಂದ ಭಾಗಿಸಿ, ಭಾಗಲಬ್ಧ ದೊಡ್ಡದಾದವನಿಗೆ ಸರದಿ ಕೊಡುವ ಕ್ರಮವು ಬಂದಿತು. ನ್ಯಾಯವನ್ನೂ ಲಾಭವನ್ನೂ ಒಂದೇ ಭಾಗಾಕಾರದಲ್ಲಿ ಹೊಂದಿಸಿದ ಆ ಸೂತ್ರದ ಸರಳತೆ ಇಂದಿಗೂ ಮನಸ್ಸನ್ನು ಸೆಳೆಯುತ್ತದೆ.

ಅತ್ತ ಆಂಟೆನಾಗಳು ಹೆಚ್ಚುತ್ತಿದ್ದವು. ಭಾರತೀಯ ನೌಕಾಪಡೆಗೆ ಸೋನಾರನ್ನು ನಿರ್ಮಿಸಿಕೊಟ್ಟು, ಬೆಂಗಳೂರಿನ ಕೃತಕ ಬುದ್ಧಿಮತ್ತೆ ಮತ್ತು ರೋಬಾಟಿಕ್ಸ್ ಕೇಂದ್ರದ ಸ್ಥಾಪಕ ನಿರ್ದೇಶಕರಾಗಿದ್ದು, ಬಳಿಕ ಸ್ಟ್ಯಾನ್‌ಫರ್ಡಿಗೆ ತೆರಳಿದ ಆರೋಗ್ಯಸ್ವಾಮಿ ಪೌಲ್‌ರಾಜ್ ಅವರು, ಥಾಮಸ್ ಕೈಲಾತ್ ಅವರೊಡನೆ, ಒಂದೇ ಆವರ್ತನದಲ್ಲಿ ಹಲವು ಆಂಟೆನಾಗಳಿಂದ ಹಲವು ಪ್ರವಾಹಗಳನ್ನು ಕಳುಹಿಸುವ ವಿಧಾನಕ್ಕೆ 1994ರಲ್ಲಿ ಪೇಟೆಂಟನ್ನು ಪಡೆದರು. 2003ರಲ್ಲಿ ಕೈರೆ ಮತ್ತು ಶಮಾಯಿ ಎಂಬವರ ಪ್ರಬಂಧವು, ಗೋಪುರಕ್ಕೆ ಎಲ್ಲರ ಚಾನೆಲೂ ನಿಖರವಾಗಿ ತಿಳಿದಿದ್ದರೆ ಹಲವರಿಗೆ ಏಕಕಾಲದಲ್ಲಿಯೇ ಬಡಿಸಬಹುದೆಂದು ತೋರಿಸಿತು. ಆ 'ನಿಖರವಾಗಿ' ಎಂಬಲ್ಲಿಯೇ ಕಷ್ಟವೆಲ್ಲ ಅಡಗಿತ್ತು. ಚಾನೆಲಿನ ಬಲವೆಷ್ಟೆಂಬುದನ್ನು ತಪ್ಪಾಗಿ ತಿಳಿಸಿದರೆ ಹಾನಿಯು ಬಹುತೇಕ ತಿಳಿಸಿದವನಿಗೇ ತಟ್ಟುತ್ತದೆ. ದಿಕ್ಕನ್ನು ತಪ್ಪಾಗಿ ತಿಳಿಸಿದರೆ ಒಬ್ಬನ ಪಾಲಿನ ಸಿಗ್ನಲ್ ಮತ್ತೊಬ್ಬನ ಕಿವಿಗೆ ಗದ್ದಲವಾಗಿ ಸುರಿಯುತ್ತದೆ, ಶಕ್ತಿಯನ್ನು ಏರಿಸಿದಷ್ಟೂ ಗದ್ದಲವೂ ಏರುತ್ತದೆ. ಆದಕಾರಣ ವರದಿಯೂ ಶಕ್ತಿಯ ಜೊತೆಗೇ ಬೆಳೆಯಬೇಕೆಂಬುದನ್ನು 2006ರಲ್ಲಿ ನಿಹಾರ್ ಜಿಂದಾಲ್ ಅವರು ಲೆಕ್ಕದಲ್ಲಿ ತೋರಿಸಿದರು. ಅದರಂತೆ ನಾಲ್ಕು ಆಂಟೆನಾಗಳ ಗೋಪುರಕ್ಕೆ 10 ಡೆಸಿಬೆಲ್ಲಿನಲ್ಲಿ ಪ್ರತಿ ಫೋನಿನಿಂದ ಸುಮಾರು 10 ಬಿಟ್ಟು, 20 ಡೆಸಿಬೆಲ್ಲಿನಲ್ಲಿ ಸುಮಾರು 20 ಬಿಟ್ಟು ಬೇಕು; 20 ಬಿಟ್ಟೆಂದರೆ ಹತ್ತು ಲಕ್ಷಕ್ಕೂ ಮೀರಿದ ದಿಕ್ಕುಗಳೊಳಗೊಂದನ್ನು ಆರಿಸಿ ಹೇಳುವುದು. ಎಲ್‌ಟಿಇ ವ್ಯವಸ್ಥೆಯು 2008ರಲ್ಲಿ ರೂಪುಗೊಂಡಾಗ ಅಂಥ ಗೋಪುರಕ್ಕೆ ಅದು ಒದಗಿಸಿದ ಕೋಡ್‌ಬುಕ್ಕಿನಲ್ಲಿ, ಎಂದರೆ ಹೆಸರಿಸಬಹುದಾದ ದಿಕ್ಕುಗಳ ಪಟ್ಟಿಯಲ್ಲಿ, ಇದ್ದುದು ಹದಿನಾರೇ ದಿಕ್ಕುಗಳು. ಅದರ ಬಹುಜನ ವಿಧಾನವು ಹೇಳಿಕೊಳ್ಳುವಷ್ಟು ಫಲ ಕೊಡದೆ ಹೋದುದರಲ್ಲಿ ಆಶ್ಚರ್ಯವಿಲ್ಲ.

ವರದಿಯ ಭಾರವನ್ನು ಇಳಿಸುವ ಯತ್ನಗಳೂ ನಡೆದಿದ್ದವು. ಚಾನೆಲು ಮಂಕಾಗಿರುವವರು ಸುಮ್ಮನಿರಲಿ ಎಂದು 2004ರಲ್ಲಿ ಗೆಸ್ಬರ್ಟ್ ಮತ್ತು ಅಲೂಯಿನಿ ಹೇಳಿದರು. ಗೋಪುರವು ಯದೃಚ್ಛೆಯಾಗಿ ಕಿರಣಗಳನ್ನು ಬೀರಲಿ, ಫೋನುಗಳು ತಮಗೆ ಹಿತವಾದ ಕಿರಣ ಯಾವುದು, ಅದರ ಗುಣವೆಷ್ಟು ಎಂಬಷ್ಟನ್ನೇ ತಿಳಿಸಲಿ ಎಂದು 2005ರಲ್ಲಿ ಶರೀಫ್ ಮತ್ತು ಹಸೀಬಿ ಸೂಚಿಸಿದರು. ಅದು ಸುಂದರವಾದ ಯೋಚನೆ, ಆದರೆ ದೊಡ್ಡ ಜನಸಂದಣಿಯಿದ್ದಲ್ಲಿ ಮಾತ್ರ ಫಲಿಸುವಂಥದು. ಹಾಗಾದರೆ ಬಿಟ್ಟುಗಳ ಮೊತ್ತವು ಇಷ್ಟೇ ಎಂದು ಗೊತ್ತಾಗಿರುವಾಗ ಹಲವರಿಂದ ಸ್ಥೂಲವಾಗಿ ಕೇಳುವುದೋ, ಕೆಲವರಿಂದ ಸೂಕ್ಷ್ಮವಾಗಿ ಕೇಳುವುದೋ? ಈ ಪ್ರಶ್ನೆಯನ್ನು ರವೀಂದ್ರನ್ ಮತ್ತು ಜಿಂದಾಲ್ ನೇರವಾಗಿ ಕೈಗೆತ್ತಿಕೊಂಡು, ಕೆಲವರನ್ನೇ ಆರಿಸಿ ಅವರಿಂದ ಸೂಕ್ಷ್ಮವಾದ ವರದಿಯನ್ನು ತರಿಸಿಕೊಳ್ಳುವುದೇ ಲೇಸೆಂಬ ನಿರ್ಣಯಕ್ಕೆ ಬಂದರು. ಸಂಖ್ಯೆಯ ಆಕರ್ಷಣೆಗೆ ಸಿಲುಕಿದ್ದ ಶಾಸ್ತ್ರಕ್ಕೆ ಈ ನಿರ್ಣಯವು ಅತ್ಯಾವಶ್ಯಕವಾಗಿದ್ದಿತೆಂದು ನನ್ನ ಭಾವನೆ.

ಸೂಕ್ಷ್ಮತೆಗೂ ವಾಯಿದೆಯುಂಟು. 2 ಗಿಗಾಹರ್ಟ್ಸಿನಲ್ಲಿ ತರಂಗದ ಉದ್ದ 15 ಸೆಂಟಿಮೀಟರು. ಅದರ ಅರ್ಧದಷ್ಟು ಸರಿದರೆ ಚಾನೆಲಿನ ಚಹರೆಯೇ ಬೇರೆ. ಗಂಟೆಗೆ 36 ಕಿಲೋಮೀಟರಿನಂತೆ ಸಾಗುವ ಬಸ್ಸಿನಲ್ಲಿ ಕುಳಿತವನು ಆ ದೂರವನ್ನು ಏಳೂವರೆ ಮಿಲಿಸೆಕೆಂಡಿನಲ್ಲಿ ದಾಟುತ್ತಾನೆ, ಅಷ್ಟರಲ್ಲಿ ಅವನ ವರದಿ ಹಳಸಿರುತ್ತದೆ. 2010ರಲ್ಲಿ ಥಾಮಸ್ ಮಾರ್ಜೆಟ್ಟಾ ಅವರು, ಹೋಗುಬರುವಿಕೆಗೆ ಒಂದೇ ಆವರ್ತನವನ್ನು ಬಳಸುವಲ್ಲಿ ಫೋನೇ ಪೈಲಟನ್ನು ಹೊರಡಿಸಿದರೆ ಗೋಪುರವು ಚಾನೆಲನ್ನು ತಾನೇ ಅಳೆದುಕೊಳ್ಳುವುದೆಂಬ ಆಧಾರದ ಮೇಲೆ ಅಸಂಖ್ಯ ಆಂಟೆನಾಗಳ ಗೋಪುರವನ್ನು ಕಲ್ಪಿಸಿ ವರದಿಯ ಹೊರೆಯನ್ನೇ ತಪ್ಪಿಸಿದರು. ಎರಡು ಆವರ್ತನಗಳ ವ್ಯವಸ್ಥೆಗೆ ಆ ಸೌಲಭ್ಯವು ಪೂರ್ಣವಾಗಿ ಒದಗದು. ಅಲ್ಲಿ 5ಜಿಯ ಮೊದಲ ಆವೃತ್ತಿಯು 2018ರಲ್ಲಿ, ಒಂದು ದಿಕ್ಕನ್ನು ಹೆಸರಿಸುವ ಬದಲು ಹಲವು ಕಿರಣಗಳನ್ನು ಯಾವ ಪ್ರಮಾಣದಲ್ಲಿ ಬೆರೆಸಬೇಕೆಂದು ತಿಳಿಸುವ ವಿಸ್ತಾರವಾದ ವರದಿಯನ್ನು ತಂದಿತು. ಮುಂದಿನ ಆವೃತ್ತಿಯು ಅದನ್ನು ಸಂಕ್ಷೇಪಿಸಿತು. 2024ರಲ್ಲಿ ಮುಗಿದ, ಮಾನಕದ ಎಣಿಕೆಯಂತೆ ಹದಿನೆಂಟನೆಯದೆನಿಸಿದ ಆವೃತ್ತಿಯಲ್ಲಿ, ಚಲಿಸುವ ಫೋನು ತನ್ನ ಚಾನೆಲು ಈಗ ಹೇಗಿದೆಯೆಂಬುದರ ಜೊತೆಗೆ ಮುಂದಣ ಕೆಲವು ಮಿಲಿಸೆಕೆಂಡುಗಳಲ್ಲಿ ಹೇಗಾಗಲಿದೆಯೆಂಬುದನ್ನೂ ಗೋಪುರಕ್ಕೆ ತಿಳಿಸುವ ಏರ್ಪಾಡು ಸೇರಿದೆ.