ಬೈಲಕುಪ್ಪೆಯ ಪೂಜಾಭಿಕ್ಷುಗಳು

ವಿಹಾರವೊಂದರ ಚರಿತ್ರೆಯನ್ನು ಬರೆಯಹೊರಟವರು ಅದರ ಪೀಠಾಧಿಪತಿಗಳನ್ನೂ ಪಂಡಿತರನ್ನೂ ಸ್ಮರಿಸಿ, ಮನೆಮನೆಗೆ ಹೋಗಿ ಪೂಜೆ ನಡೆಸುವ ಸಾಮಾನ್ಯ ಭಿಕ್ಷುವನ್ನು ಮರೆತುಬಿಡುವುದು ವಾಡಿಕೆ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ, ಟಿಬೆಟ್ಟಿನ ನಿರಾಶ್ರಿತರಿಗೆಂದು ಮೈಸೂರು ಸರ್ಕಾರವು ಬಿಟ್ಟುಕೊಟ್ಟ ಕಾಡುನೆಲದಲ್ಲಿ, 1963ರಲ್ಲಿ ಪೆನೋರ್ ರಿಂಪೋಚೆಯವರು ಸ್ಥಾಪಿಸಿದ ನಾಮ್‌ಡ್ರೋಲಿಂಗ್ ವಿಹಾರದ ವಿಷಯದಲ್ಲಿ ಹಾಗೆ ಮರೆಯುವುದು ಅನ್ಯಾಯವಾದೀತು. ಅಲ್ಲಿ ಶಾಸ್ತ್ರಾಧ್ಯಯನದ ವಿದ್ಯಾಲಯ ತಲೆಯೆತ್ತಿದ್ದು 1978ರಲ್ಲಿ, ಹುಟ್ಟು ಸಾವು ರೋಗಗಳಾದರೋ ಅದುವರೆಗೆ ಕಾದು ಕುಳಿತಿರಲಿಲ್ಲ.

ಇಂಥ ಪೂಜೆಗಳ ಪರಂಪರೆಯ ಮೂಲವನ್ನರಸಿದರೆ ಎಂಟನೆಯ ಶತಮಾನಕ್ಕೆ ಹೋಗಬೇಕಾಗುತ್ತದೆ. ಟಿಬೆಟ್ಟಿನ ದೊರೆ ತ್ರಿಸೋಂಗ್ ದೆಚೆನ್ ಸಮ್ಯೆಯಲ್ಲಿ ಕಟ್ಟಿಸುತ್ತಿದ್ದ ವಿಹಾರವನ್ನು, ಹಗಲು ಕಟ್ಟಿದಷ್ಟನ್ನೂ ಇರುಳು ಆ ನೆಲದ ದೈವಗಳು ಕೆಡವುತ್ತಿದ್ದುವೆಂದೂ, ಆಚಾರ್ಯ ಶಾಂತರಕ್ಷಿತನ ಸಲಹೆಯ ಮೇರೆಗೆ ಬಂದ ತಂತ್ರಗುರು ಪದ್ಮಸಂಭವನು ಅವನ್ನು ಕೊಲ್ಲದೆ, ಓಡಿಸದೆ, ಆಣೆಯಿಂದ ಕಟ್ಟಿ ಧರ್ಮಪಾಲರನ್ನಾಗಿ ಮಾಡಿದನೆಂದೂ ಐತಿಹ್ಯ. ಅದರ ಸತ್ಯಾಸತ್ಯ ಹೇಗೇ ಇರಲಿ, ಬೌದ್ಧಮತವು ಆ ನಾಡಿನಲ್ಲಿ ಬೇರೂರಿದ ಬಗೆಯನ್ನು ಇಷ್ಟು ಸ್ಪಷ್ಟವಾಗಿ ಹೇಳುವ ಕಥೆ ಬೇರೊಂದನ್ನು ನಾನರಿಯೆ. ನೀರಿನ ದೈವಗಳಾದ 'ಲು'ಗಳು ಭಾರತದ ನಾಗರೊಡನೆ ಒಂದಾದುವು. ಬೆಟ್ಟದೊಡೆಯರಿಗೆ ವಿಹಾರದಲ್ಲಿಯೇ ನೈವೇದ್ಯ ಸಲ್ಲತೊಡಗಿತು.

ಆ ನೈವೇದ್ಯವೇ ತೊರ್ಮಾ. ಹಿಟ್ಟನ್ನು ನಾದಿ ಗೋಪುರಾಕಾರಕ್ಕೆ ತಂದು, ಬಣ್ಣಗೂಡಿಸಿದ ಬೆಣ್ಣೆಯ ಬಿಲ್ಲೆಗಳನ್ನೂ ಹೂಗಳನ್ನೂ ಅದಕ್ಕೆ ಅಂಟಿಸುವ ಭಿಕ್ಷು, ಬೆಣ್ಣೆಯು ಕೈಯ ಬಿಸಿಗೆ ಕರಗದಿರಲೆಂದು ಬೆರಳನ್ನು ಮತ್ತೆಮತ್ತೆ ತಣ್ಣೀರಿಗೆ ಅದ್ದುತ್ತಾನೆ. ಈ ವಿದ್ಯೆ ಪುಸ್ತಕದಿಂದ ಬರತಕ್ಕದ್ದಲ್ಲ. ಹಿರಿಯನ ಪಕ್ಕದಲ್ಲಿ ಕುಳಿತೇ ಕಲಿಯಬೇಕು.

ವರ್ಷಾಂತ್ಯದ ಗುತೋರ್ ವಿಧಿಯಲ್ಲಿ, ಕರಿಟೋಪಿಯ ನರ್ತಕರು ಛಾಮ್ ಎಂಬ ವಿಧಿನೃತ್ಯವನ್ನು ಕುಣಿಯುತ್ತ ಹಿಟ್ಟಿನ ಪುರುಷಾಕೃತಿಯೊಂದನ್ನು ಆಯುಧದಿಂದ ಇರಿಯುವರು. ಅದು ಕತ್ತರಿಸಬೇಕಾದ ಅಹಂಕಾರವೆಂದು ಪಂಡಿತರ ವ್ಯಾಖ್ಯಾನ; ಕಳೆದ ವರ್ಷದ ಪೀಡೆಯೆಂಬುದು ಗೃಹಸ್ಥರ ನಂಬಿಕೆ. ಎರಡನ್ನೂ ಅಲ್ಲಗಳೆಯದೆ ಆಯುಧವನ್ನೆತ್ತುವ ಪೂಜಾಭಿಕ್ಷುವಿನಲ್ಲಿಯೇ ಧರ್ಮವೂ ಜನಪದವೂ ಕೂಡಿಬಂದುವೆಂದು ನನ್ನ ಎಣಿಕೆ. ಟಿಬೆಟ್ಟಿನ ಪಂಚಾಂಗದ ಹನ್ನೆರಡನೆಯ ತಿಂಗಳ 29ನೆಯ ದಿನದ ಸಂಜೆ ಮನೆಗಳಲ್ಲಿ ಗುಥುಕ್ ಎಂಬ ಸಾರು ಬೇಯುತ್ತದೆ. ಅದರೊಳಗಿನ ಹಿಟ್ಟಿನುಂಡೆಯಲ್ಲಿ ಮೆಣಸಿನಕಾಯಿ ಸಿಕ್ಕಿದವನು ವಾಚಾಳಿ, ಇದ್ದಿಲು ಸಿಕ್ಕಿದವನು ಕಪ್ಪುಮನಸ್ಸಿನವನು ಎಂದು ಮನೆಮಂದಿಯೆಲ್ಲ ನಕ್ಕು, ಉಳಿದುದನ್ನು ಹಿಟ್ಟಿನ ಬೊಂಬೆಯೊಡನೆ ಪಂಜಿನ ಬೆಳಕಿನಲ್ಲಿ ಕೊಂಡೊಯ್ದು ಕವಲುದಾರಿಯಲ್ಲಿ ಎಸೆದು ಬರುವರು. ಮಾರಿಯನ್ನು ಊರಗಡಿ ದಾಟಿಸಿ ಬಂದು ಅಭ್ಯಾಸವುಳ್ಳ ನಮ್ಮ ಹಳ್ಳಿಗರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.